ಹಿಡಿಯಲೆಂದು ಉಳಿಸಿದ ಬಾಲ

ಮೂವತ್ತನಾಲ್ಕು ವರ್ಷ ಪಾಠ ಹೇಳಿದೆ. ಅದರಲ್ಲಿ ಹನ್ನೊಂದು ವರ್ಷ ಪಾಂಡವಪುರದ ಹೆಣ್ಣುಮಕ್ಕಳ ಶಾಲೆಯಲ್ಲಿ ಹೆಡ್‌ಮಿಸ್ ಆಗಿದ್ದೆ. ಸುಳ್ಳು ಹೇಳಿದ ಒಬ್ಬ ಹುಡುಗಿಯನ್ನೂ ಸುಮ್ಮನೆ ಬಿಟ್ಟವಳಲ್ಲ ನಾನು. ಅಂಥವಳು ಒಂದು ಶನಿವಾರ ಬೆಳಗ್ಗೆ ಅಳಿಯನ ಮುಖ ನೋಡಿಕೊಂಡೇ ಸುಳ್ಳು ಹೇಳಿದೆ. ಅದೂ ಒಂದು ನಾಯಿಯ ವಿಷಯಕ್ಕೆ.

ಅಮೆರಿಕಕ್ಕೆ ಬಂದದ್ದು ಎರಡು ಸಾವಿರದ ಇಸವಿಯ ಆಗಸ್ಟಿನಲ್ಲಿ. ಮಗಳು ಬಿಂದುಶ್ರೀಗೆ ಹೆಣ್ಣು ಮಗುವಾಗಿ ಮೂರು ತಿಂಗಳಾಗಿತ್ತು. ಸ್ಯಾನ್ ಹೋಸೆಯಲ್ಲಿ ಅವಳು ಮಾಡುತ್ತಿದ್ದ ಎಂ.ಎಸ್. ಅರ್ಧಕ್ಕೆ ನಿಂತಿತ್ತು. ಮಗು ನೋಡಿಕೊಳ್ಳಲು ನಾನು ಬಂದರೆ ಅವಳು ಕ್ಲಾಸಿಗೆ ಹೋಗಬಹುದು ಎಂದರು, ಬಂದೆ. ಬರುವಾಗ ಜನವರಿಗೆ ವಾಪಸ್ ಬರುತ್ತೇನೆ ಎಂದು ಹನ್ನೊಂದು ಹುಡುಗಿಯರಿಗೆ ಮಾತು ಕೊಟ್ಟಿದ್ದೆ. ರಿಟೈರಾದ ಮೇಲೆ ಪ್ರತಿ ವರ್ಷವೂ ಏಳನೇ ಕ್ಲಾಸಿನ ಪಬ್ಲಿಕ್ ಪರೀಕ್ಷೆಗೆ ನನ್ನ ಜಗಲಿಯ ಮೇಲೆ ಹುಡುಗಿಯರನ್ನು ತಯಾರು ಮಾಡುತ್ತೇನೆ. ಆ ಪರೀಕ್ಷೆಯಲ್ಲಿ ಡುಮ್ಕಿ ಹೊಡೆದರೆ ನಮ್ಮ ಕಡೆ ಹೆಣ್ಣುಮಗುವಿನ ಓದು ಅಲ್ಲಿಗೆ ಮುಗಿಯಿತು. ಆಮೇಲೆ ಗಂಡು ಹುಡುಕುವುದೇ.

ಜನವರಿ ಬಂತು. ಟಿಕೆಟಿನ ತಾರೀಖು ಮುಂದಕ್ಕೆ ಹೋಯಿತು. ಪಾಸ್‌ಪೋರ್ಟಿಗೆ ಪಿನ್ ಹೊಡೆದಿದ್ದ ಬಿಳಿ ಚೀಟಿಯ ಪ್ರಕಾರ ಫೆಬ್ರವರಿ ಇಪ್ಪತ್ತೊಂದರವರೆಗೆ ನಾನು ಈ ದೇಶದಲ್ಲಿರಬಹುದಿತ್ತು. ಅದನ್ನೂ ಆರು ತಿಂಗಳು ಮುಂದೂಡಲು ಅಳಿಯ ಗೌತಮ್ ಅರ್ಜಿ ತುಂಬಿಸಿ ಇಟ್ಟಿದ್ದರು. ನನ್ನ ಸಹಿಯೊಂದು ಬಾಕಿ. ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ಹೆಣ್ಣುಮಕ್ಕಳು ಓದಬೇಕು ಎಂದು ಊರೆಲ್ಲ ಸಾರಿಕೊಂಡು ಬಂದವಳು, ಸ್ವಂತ ಮಗಳ ಓದು ಮೇ ತಿಂಗಳಿಗೆ ಮುಗಿಯುತ್ತದೆ ಎನ್ನುವಾಗ, ನನಗೆ ಊರಲ್ಲಿ ಯಾರದೋ ಮಕ್ಕಳಿದ್ದಾರೆ ಎಂದು ಹೊರಡುವುದು ಹೇಗೆ? ಅತ್ತ ದರಿ, ಇತ್ತ ಪುಲಿ. ಜಯಶೀಲ ಎಂಬ ಹುಡುಗಿ ಬರೆದಿದ್ದ ಕಾಗದ ನನ್ನ ದಿಂಬಿನ ಕೆಳಗಿತ್ತು. ‘ಮಿಸ್, ಭಿನ್ನರಾಶಿ ಯಾರೂ ಹೇಳಿಕೊಡುತ್ತಿಲ್ಲ, ಯಾವಾಗ ಬರುತ್ತೀರಿ’ ಎಂದು ಅಷ್ಟೇ ಇತ್ತು ಅದರಲ್ಲಿ. ಉತ್ತರ ಬರೆಯಲು ಮೂರು ಸಲ ಕೂತು ಮೂರು ಸಲವೂ ಎದ್ದೆ.

ಮಾರ್ಗನ್ ಹಿಲ್ಲಿನ ಆ ಬಾಡಿಗೆ ಮನೆ ಚೆನ್ನಾಗಿಯೇ ಇತ್ತು. ಇಲ್ಲವೆಂದರೆ ನಾಲಿಗೆ ಬಿದ್ದುಹೋದೀತು. ಆದರೆ ಬೆಳಗ್ಗೆ ಏಳೂವರೆಗೆ ಇಬ್ಬರೂ ಕಾರು ಹತ್ತಿ ಹೋದರೆಂದರೆ ಸಂಜೆಯವರೆಗೆ ನಾನು, ಮಗು, ಫ್ರಿಜ್ಜಿನ ಸದ್ದು. ಬೀದಿಯಲ್ಲಿ ಒಂದು ನರಪಿಳ್ಳೆ ಕಾಣುವುದಿಲ್ಲ. ಗ್ರೋಸರಿ ಅಂಗಡಿಗೆ ಹೋಗಬೇಕೆಂದರೆ ಮೂರು ಮೈಲಿ, ನನಗೆ ಕಾರು ಬಾರದು. ಮುಂಬಾಗಿಲು ತೆಗೆದರೆ ಅಲಾರಮ್ ಕಿರುಚಿಕೊಳ್ಳುತ್ತಿತ್ತು. ಒಂದು ಸಲ ಹಾಗಾಗಿ ಪೊಲೀಸರೇ ಬಂದು, ಮಗು ಎತ್ತಿಕೊಂಡು ಸೀರೆಯುಟ್ಟು ನಿಂತಿದ್ದ ನನ್ನನ್ನು ಯಾರು ನೀನು ಎಂದು ಕೇಳಿದ್ದರು. ಅವತ್ತಿನಿಂದ ಹಿತ್ತಿಲ ಬಾಗಿಲೊಂದೇ ನನ್ನದು. ಹಿತ್ತಿಲಿನ ಮರದ ಬೇಲಿಗೆ ಒಂದು ಪುಟ್ಟ ಗೇಟು, ಅದರಾಚೆ ಹಳೆಯ ಚೆರ್ರಿ ತೋಟ. ಗೇಟಿನ ತನಕ ಹೋಗುವುದು, ತಿರುಗಿ ಬರುವುದು. ಮನುಷ್ಯ ಪ್ರಾಣಿಗೆ ಇಷ್ಟು ಸಾಕು ಎಂದು ಯಾರು ತೀರ್ಮಾನ ಮಾಡಿದರೋ!

ಆ ಜನವರಿಯಲ್ಲಿ ಗೌತಮ್ ಕಂಪನಿಯಲ್ಲಿ ಅರವತ್ತು ಜನರಲ್ಲಿ ಮೂವತ್ತೈದು ಜನರನ್ನು ಒಂದೇ ಮಧ್ಯಾಹ್ನ ಮನೆಗೆ ಕಳಿಸಿದರು. ಉಳಿದವರು ಉಸಿರು ಬಿಗಿಹಿಡಿದು ಕೂತಿದ್ದರು. ಕೆಲಸ ಹೋದರೆ ಗೌತಮ್ ವೀಸಾ ಹೋಗುತ್ತದೆ, ಗಂಡನ ವೀಸಾದ ಮೇಲೆ ಬಂದಿರುವ ಬಿಂದುವಿನದೂ ಹೋಗುತ್ತದೆ. ಸಾಮಾನು ಕಟ್ಟಿಕೊಂಡು ಎಲ್ಲರೂ ಊರಿಗೆ. ಈ ಮಾತನ್ನು ಊಟದ ಮೇಜಿನಲ್ಲಿ ಗಂಡ ಹೆಂಡತಿ ಹೆದರಿಕೊಂಡು ಆಡುತ್ತಿದ್ದರು. ಕೇಳಿಸಿಕೊಳ್ಳುತ್ತಿದ್ದ ನನ್ನ ಹೊಟ್ಟೆಯೊಳಗೆ ಹೆದರಿಕೆ ಇರಲಿಲ್ಲ. ನಾಚಿಕೆ ಬಿಟ್ಟು ಹೇಳುತ್ತೇನೆ, ಆಸೆ ಇತ್ತು.

ಅಷ್ಟರಲ್ಲಿ ನಾಯಿ ಬಂತು. ಗೌತಮ್ ಬಾಸ್ ಮೊರೀನ್ ಎಂಬ ಐವತ್ತರ ಹೆಂಗಸು, ಐರ್ಲೆಂಡಿನವಳು. ತಾಯಿಗೆ ಹುಷಾರಿಲ್ಲವೆಂದು ಹತ್ತು ದಿನ ಊರಿಗೆ ಹೊರಟಿದ್ದಳು. ನಾಯಿಯನ್ನು ಹಾಸ್ಟೆಲಿನಂಥ ಜಾಗದಲ್ಲಿ ಬಿಡಲು ಮನಸ್ಸಿಲ್ಲ ಎಂದು ಆಫೀಸಿನಲ್ಲಿ ಅಂದಳಂತೆ. ಮನೆಯಲ್ಲಿ ನಮ್ಮ ಅತ್ತೆ ಇದ್ದಾರೆ, ಅವರಿಗೆ ಪ್ರಾಣಿಗಳೆಂದರೆ ಪ್ರಾಣ ಎಂದು ನಮ್ಮ ಅಳಿಯಂದಿರು ಅಲ್ಲೇ ಒಪ್ಪಿಕೊಂಡುಬಿಟ್ಟರು. ನನ್ನನ್ನು ಒಂದು ಮಾತು ಕೇಳಿದವರಿಲ್ಲ.

ಅದರ ಜಾತಿಗೆ ಗ್ಲೆನ್ ಆಫ್ ಇಮಾಲ್ ಟೆರಿಯರ್ ಎಂದು ಹೆಸರು. ಇಡೀ ಅಮೆರಿಕದಲ್ಲಿ ಕೆಲವು ನೂರು ಮಾತ್ರ ಇವೆಯಂತೆ. ನೋಡಿದರೆ ಅಂಥ ಬೆಡಗೇನೂ ಇಲ್ಲ. ಗೋಧಿ ಬಣ್ಣದ ಒರಟು ಕೂದಲು, ಉದ್ದನೆಯ ಮೈ, ಗೇಣುದ್ದದ ಕಾಲು, ಅದರಲ್ಲೂ ಮುಂಗಾಲು ಸೊಟ್ಟ. ತಲೆ ಮಾತ್ರ ದೊಡ್ಡ ನಾಯಿಯದು. ದೇವರು ಎರಡು ನಾಯಿಗಳ ಸಾಮಾನನ್ನು ಅದಲುಬದಲು ಮಾಡಿಬಿಟ್ಟಿದ್ದಾನೆ ಅನ್ನಿಸಿತು. ಹೆಸರು ಬ್ರೋಗನ್. ನನ್ನ ಬಾಯಲ್ಲಿ ಅದು ಎರಡನೇ ದಿನಕ್ಕೇ ಭೋಗಣ್ಣ ಆಯಿತು.

ಮೊರೀನ್ ಎರಡು ಪುಟ ಟೈಪು ಮಾಡಿದ ಸೂಚನೆ ಕೊಟ್ಟು ಹೋಗಿದ್ದಳು. ಗೌತಮ್ ಅದನ್ನು ಫ್ರಿಜ್ಜಿಗೆ ಅಂಟಿಸಿ ಮರೆತರು. ಓದಿದವಳು ನಾನೊಬ್ಬಳೇ, ಸಾಲುಸಾಲಿನ ಕೆಳಗೆ ಬೆರಳಿಟ್ಟುಕೊಂಡು. ಕಾಲು ಮೋಟು, ಮೈ ಭಾರ, ಹಾಗಾಗಿ ಈಜಲು ಬಾರದು, ನೀರಿನ ಹತ್ತಿರ ಬಿಡಬೇಡಿ ಎಂದಿತ್ತು. ಕೂದಲಿಗೆ ಕತ್ತರಿ ತಾಗಿಸಬಾರದು, ಸತ್ತ ಕೂದಲನ್ನು ಬೆರಳಿನಲ್ಲೇ ಕಿತ್ತು ತೆಗೆಯಬೇಕು ಎಂದಿತ್ತು. ಹಿಂದಿನ ಕಾಲದಲ್ಲಿ ಇವನ್ನು ಬಿಲದಲ್ಲಿ ಅಡಗಿದ ಪ್ರಾಣಿಯ ಮೇಲೆ ಬಿಡುತ್ತಿದ್ದರಂತೆ. ಬಿಲದೊಳಗೆ ಬೊಗಳಿದರೆ ಆ ನಾಯಿ ಪರೀಕ್ಷೆಯಲ್ಲಿ ಫೇಲು. ಏನೇ ಆಗಲಿ ಸದ್ದಿಲ್ಲದೆ ಇರಬೇಕು. ಅದಕ್ಕೇ ಇದರ ಬಾಲವನ್ನು ಪೂರ್ತಿ ಕತ್ತರಿಸದೆ ಒಂದು ಮುಷ್ಟಿಯಷ್ಟು ಉಳಿಸಿರುತ್ತಾರೆ, ಸಿಕ್ಕಿಕೊಂಡರೆ ಹಿಡಿದು ಹೊರಗೆಳೆಯಲು. ಈ ಭಾಗವನ್ನು ನಾನು ಎರಡು ಸಲ ಓದಿದೆ. ಬೊಗಳಿದ್ದಕ್ಕೆ ಫೇಲು ಮಾಡುವ ಮೇಷ್ಟರನ್ನು ನಾನು ಎಲ್ಲೂ ಕಂಡಿರಲಿಲ್ಲ.

ಪದೇ ಪದೇ ಸ್ನಾನ ಬೇಡ ಎಂದೂ ಬರೆದಿತ್ತು. ಒಂದು ಸಲವೂ ಬೇಡ ಎಂದು ಬರೆದಿರಲಿಲ್ಲ. ಮೊದಲ ಶನಿವಾರ ಬಂತು. ನಮ್ಮಲ್ಲಿ ಶನಿವಾರ ಗಂಡಸರಿಗೆ ಎಣ್ಣೆನೀರು. ಇವನೂ ಗಂಡೇ ತಾನೆ ಎಂದು ಊರಿನಿಂದ ತಂದಿದ್ದ ಹರಳೆಣ್ಣೆ ಬೆಚ್ಚಗೆ ಮಾಡಿ ನೆತ್ತಿಯಿಂದ ಬಾಲದವರೆಗೆ ಹಚ್ಚಿ ತಿಕ್ಕಿದೆ, ಸೀಗೆಪುಡಿ ಹಾಕಿ ತೊಳೆದೆ. ಸುಖವಾಗಿ ಕಣ್ಣು ಮುಚ್ಚಿ ನಿಂತಿತ್ತು ಪಾಪ. ಆಮೇಲೆ ನೋಡಿದರೆ ಮುಳ್ಳಿನಂತಿದ್ದ ಕೂದಲೆಲ್ಲ ಮೈಗೆ ಅಂಟಿಕೊಂಡು ಜಿಡ್ಡುಜಿಡ್ಡು, ಕಾರ್ಪೆಟ್ಟಿನ ಮೇಲೆ ಹೊರಳಿ ಎಣ್ಣೆಯ ನಕ್ಷೆ ಬರೆದಿತ್ತು. ಗೌತಮ್ ತಲೆ ಮೇಲೆ ಕೈ ಹೊತ್ತು ಕೂತರು. ಬಿಂದು ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳು ಹಾಗೆ ನಕ್ಕು ಎಷ್ಟು ತಿಂಗಳಾಗಿತ್ತೋ.

ಮಾಡಿದ್ದುಣ್ಣೋ ಮಾರಾಯ. ಆ ತಪ್ಪು ಸರಿಮಾಡಲು ದಿನಾ ಮಧ್ಯಾಹ್ನ ಮಗು ಮಲಗಿದ ಮೇಲೆ ಭೋಗಣ್ಣನನ್ನು ಮುಂದೆ ಕೂರಿಸಿಕೊಂಡು ಸತ್ತ ಕೂದಲು ಕೀಳತೊಡಗಿದೆ. ರಾಗಿ ಹೊಲದಲ್ಲಿ ಕಳೆ ಕಿತ್ತ ಬೆರಳುಗಳಿಗೆ ಅದೇನು ಕಷ್ಟ? ಯಾವುದು ಬೇರು ಬಿಟ್ಟಿದೆ, ಯಾವುದು ಬಿಟ್ಟಿಲ್ಲ ಎಂದು ತಾನಾಗಿ ಗೊತ್ತಾಗುತ್ತದೆ. ಕೀಳುತ್ತಾ ಅದಕ್ಕೆ ನನ್ನ ಹುಡುಗಿಯರ ವಿಷಯವೆಲ್ಲ ಹೇಳಿದೆ. ಜಯಶೀಲಳ ಅಪ್ಪ ಆಗಲೇ ಅವಳಿಗೆ ಗಂಡು ನೋಡುತ್ತಿರುವುದನ್ನೂ ಹೇಳಿದೆ. ಆ ಮನೆಯಲ್ಲಿ ನಾನು ಇದನ್ನು ಬಾಯಿಬಿಟ್ಟು ಹೇಳಿದ್ದು ಆ ನಾಯಿಗೊಂದಕ್ಕೇ.

ಎರಡನೇ ಶನಿವಾರ, ಫೆಬ್ರವರಿ ಹತ್ತು. ಮೊರೀನ್ ಮರುದಿನ ಸಂಜೆ ಬರುವವಳಿದ್ದಳು. ಬೆಳಗ್ಗೆ ಒಂಬತ್ತೂವರೆಗೆ ತರಕಾರಿ ಸಿಪ್ಪೆ ಎಸೆಯಲು ಹಿತ್ತಿಲ ಗೇಟು ತೆಗೆದೆ. ಕಾಲ ಸಂದಿಯಿಂದ ಭೋಗಣ್ಣ ನುಸುಳಿಕೊಂಡು ಹೋಯಿತು. ತೋಟದ ಪಕ್ಕದ ಚರಂಡಿಯಲ್ಲಿ, ಮಣ್ಣುದಾರಿಯ ಅಡಿಗೆ ಹಾಕಿದ ಹಳೆಯ ಸಿಮೆಂಟು ಪೈಪಿನ ಮುಂದೆ ಏನನ್ನೋ ಮೂಸಿತು. ನಾನು ಕೂಗುವುದರೊಳಗೆ ತಲೆ ತೂರಿಸಿ ಒಳಗೆ ಹೋಗಿಯೇಬಿಟ್ಟಿತು. ಆ ಪೈಪಿನ ಆಚೆ ಕಡೆ ಮಣ್ಣು ತುಂಬಿ ಮುಚ್ಚಿಹೋಗಿರುವುದು ನನಗೆ ಗೊತ್ತಿತ್ತು. ಎರಡು ಸಲ ಕರೆದೆ. ಒಳಗೆ ಉಗುರು ಕೆರೆಯುವ ಸದ್ದು ಬಂತು, ಆಮೇಲೆ ಅದೂ ನಿಂತಿತು.

ಗೌತಮರನ್ನು ಕರೆಯೋಣವೆಂದು ಒಳಗೆ ಬಂದೆ. ಅವರೇ ಎದುರಿಗೆ ಬಂದು ಬ್ರೋಗನ್ ಎಲ್ಲಿ ಎಂದರು. ಬಾಯಿ ತೆರೆದೆ. ಆ ಒಂದು ಕ್ಷಣದಲ್ಲಿ ಎಲ್ಲ ಲೆಕ್ಕ ತಲೆಯೊಳಗೆ ಓಡಿತು. ನಾಯಿ ಇಲ್ಲವೆಂದರೆ ಮೊರೀನ್ ಸಿಟ್ಟಾಗುತ್ತಾಳೆ. ಮೊರೀನ್ ಸಿಟ್ಟಾದರೆ ಕೆಲಸ ಹೋಗುತ್ತದೆ. ಕೆಲಸ ಹೋದರೆ ವಿಮಾನ, ಬೆಂಗಳೂರು, ಮಂಡ್ಯದ ಬಸ್ಸು, ನನ್ನ ಜಗಲಿ. ಮಾರ್ಚಿನ ಪರೀಕ್ಷೆಗೆ ಇನ್ನೂ ಹೊತ್ತಿದೆ.

“ಗೊತ್ತಿಲ್ಲ,” ಅಂದೆ. “ಗೇಟು ತೆಗೆದಿತ್ತು.”

ಗೌತಮ್ ಕಾರು ತೆಗೆದುಕೊಂಡು ಬೀದಿ ಬೀದಿ ಹುಡುಕಲು ಹೋದರು. ಕಾರಿನ ಗಾಜು ಇಳಿಸಿ ಅದರ ಹೆಸರು ಕೂಗುತ್ತಾ ಹೋದದ್ದು ನನಗೆ ಕೇಳಿಸಿತು. ಎಲ್ಲಿದ್ದರೂ ಬೊಗಳುತ್ತೆ ಬಿಡಿ, ಗೊತ್ತಾಗುತ್ತೆ ಎಂದು ಬಿಂದು ಧೈರ್ಯ ಹೇಳಿದ್ದಳು. ಬೊಗಳುವುದಿಲ್ಲ ಎಂದು ಆ ಮನೆಯಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಮಗುವನ್ನು ಕಾಲ ಮೇಲೆ ಹಾಕಿಕೊಂಡು ಕೂತೆ. ಹತ್ತು ಗಂಟೆಗೆ ಮಳೆ ಶುರುವಾಯಿತು.

ಇಲ್ಲಿಯ ಮಳೆಗೆ ಗುಡುಗಿಲ್ಲ, ಗಾಳಿಯಿಲ್ಲ, ಸುಮ್ಮನೆ ಹೊಯ್ಯುತ್ತದೆ. ಕಿಟಕಿಯಿಂದ ನೋಡಿದೆ, ಚರಂಡಿಯಲ್ಲಿ ಕೆಂಪು ನೀರು ಹರಿಯತೊಡಗಿತ್ತು. ನಾನಾಗಿ ತಳ್ಳಿದ್ದಲ್ಲ, ಅದಾಗಿ ಹೋದದ್ದು ಎಂದು ನನಗೆ ನಾನೇ ಹೇಳಿಕೊಂಡೆ. ಎಷ್ಟು ಹುಡುಗಿಯರು ನನ್ನ ಮುಂದೆ ನಿಂತು ಹೀಗೇ ಹೇಳಿದ್ದರು, ನಾನಲ್ಲ ಮಿಸ್, ಅದಾಗಿ ಒಡೆದುಹೋಯ್ತು ಮಿಸ್ ಎಂದು. ಅವರನ್ನೆಲ್ಲ ಬೆಂಚಿನ ಮೇಲೆ ನಿಲ್ಲಿಸಿದವಳು ನಾನು. ಗಂಟೆ ಹತ್ತೂವರೆಯಾಯಿತು. ನಾನು ಏಳಲಿಲ್ಲ. ಹತ್ತೂ ಮುಕ್ಕಾಲಾಯಿತು. ಆಗಲೂ ಏಳಲಿಲ್ಲ. ಇದನ್ನು ಬಣ್ಣ ಹಚ್ಚದೆ ಬರೆಯಬೇಕೆಂದೇ ಇಷ್ಟೆಲ್ಲ ಬರೆಯುತ್ತಿದ್ದೇನೆ.

ಒಳಕೋಣೆಯಲ್ಲಿ ಬಿಂದು ಕಂಪ್ಯೂಟರಿನ ಕೀಲಿ ಒತ್ತುತ್ತಿದ್ದಳು. ನಾಯಿ ಕಳೆದಿದ್ದರೂ ಸೋಮವಾರಕ್ಕೆ ಕೊಡಬೇಕಾದ ಪ್ರಾಜೆಕ್ಟು ಇತ್ತು ಅವಳಿಗೆ. ನಡುವೆ ಸದ್ದು ನಿಂತಿತು. ಬಾಗಿಲ ಸಂದಿಯಿಂದ ನೋಡಿದರೆ ಕೈಯಲ್ಲಿ ಮುಖ ಮುಚ್ಚಿಕೊಂಡು ಕೂತಿದ್ದಳು, ಭುಜ ಅಲುಗುತ್ತಿತ್ತು. ಒಂದಿಷ್ಟೂ ಸದ್ದು ಮಾಡದೆ ಅಳುತ್ತಿದ್ದಳು. ಚಿಕ್ಕವಳಿದ್ದಾಗ ಅವಳು ಹಾಗೆ ಅಳುತ್ತಿರಲಿಲ್ಲ, ಬೀದಿಗೆ ಕೇಳುವ ಹಾಗೆ ಅಳುತ್ತಿದ್ದಳು. ಒಂದು ನಿಮಿಷ ಕಳೆದು ಕಣ್ಣೊರೆಸಿಕೊಂಡು ಮತ್ತೆ ಕೀಲಿ ಒತ್ತತೊಡಗಿದಳು.

ಥೂ ನನ್ನ ಜನ್ಮಕ್ಕಿಷ್ಟು! ಎದ್ದು ಮಗುವನ್ನು ಅವಳ ತೊಡೆ ಮೇಲೆ ಹಾಕಿದೆ. ಹರಳೆಣ್ಣೆ ಬಾಟಲಿ, ಟಾರ್ಚು ತೆಗೆದುಕೊಂಡೆ. ಅಳಿಯನ ಶೂಗೆ ಕಾಲು ತೂರಿಸಿ ಸೀರೆ ಎತ್ತಿ ಸಿಕ್ಕಿಸಿಕೊಂಡು ಹೊರಟೆ. ಎಲ್ಲಿಗಮ್ಮಾ ಎಂದು ಅವಳು ಕೇಳಿದ್ದಕ್ಕೆ ತಿರುಗಿಯೂ ನೋಡಲಿಲ್ಲ.

ಚರಂಡಿಯಲ್ಲಿ ಮೀನಖಂಡದವರೆಗೆ ನೀರಿತ್ತು. ಪೈಪಿನ ಬಾಯಿಯ ಅರ್ಧಕ್ಕೆ ಬಂದಿತ್ತು. ನೀರಿನಲ್ಲೇ ಮೊಣಕಾಲೂರಿ, ಹೊಟ್ಟೆಯ ಮೇಲೆ ಮಲಗಿ ಟಾರ್ಚು ಬಿಟ್ಟೆ. ಒಂದೂವರೆ ಮೊಳ ಒಳಗೆ ಗೋಧಿ ಬಣ್ಣದ ಹಿಂಭಾಗ ಕಂಡಿತು, ಆ ಮೋಟುಬಾಲವೂ ಕಂಡಿತು. ಪೈಪಿನೊಳಗೆ ಮಣ್ಣು ಕಟ್ಟಿ ದಾರಿ ಸಣ್ಣದಾಗಿ, ಸೊಂಟದ ಹತ್ತಿರ ಬಿಗಿಯಾಗಿ ಸಿಕ್ಕಿಕೊಂಡಿತ್ತು. ಭೋಗಣ್ಣ ಅಂದೆ. ಸದ್ದಿಲ್ಲ. ಸತ್ತಿತು ಎಂದುಕೊಂಡೆ. ಭುಜದವರೆಗೆ ಕೈ ತೂರಿಸಿ ಮುಟ್ಟಿದರೆ ಬಾಲ ಒಂದಿಷ್ಟು ಅಲ್ಲಾಡಿತು. ಒಂದೂವರೆ ಗಂಟೆ ಕತ್ತಲಲ್ಲಿ, ಏರುವ ನೀರಿನಲ್ಲಿ, ಕುಂಯ್ ಎನ್ನದೆ ನಿಂತಿತ್ತು ಅದು. ನನಗೆ ಅಳು ತಡೆಯಲಾಗಲಿಲ್ಲ.

ಅಂಗೈಗೆ ಎಣ್ಣೆ ಸುರಿದುಕೊಂಡು ಅದರ ಸೊಂಟದ ಸುತ್ತ ಸವರಿದೆ. ಮತ್ತೆ ಸುರಿದೆ, ಮತ್ತೆ ಸವರಿದೆ. ಬಾಟಲಿ ಖಾಲಿಯಾಯಿತು. ಬಾಲದ ಬುಡವನ್ನು ಸೆರಗಿನಿಂದ ಒರೆಸಿ ಮುಷ್ಟಿಯಲ್ಲಿ ಹಿಡಿದೆ. ಅಳತೆ ಮಾಡಿದ ಹಾಗೆ ಒಂದೇ ಮುಷ್ಟಿ. ನೋವಾಗುತ್ತೆ ಕಣಪ್ಪಾ ಎಂದು ಹೇಳಿ, ಮೊಣಕಾಲೂರಿ ಇನ್ನೊಂದು ಕೈಯನ್ನು ಪೈಪಿನ ಅಂಚಿಗೆ ಒತ್ತಿಕೊಟ್ಟು ಎಳೆದೆ. ಮೊದಲು ಜಗ್ಗಲಿಲ್ಲ. ಮೂರನೇ ಸಲಕ್ಕೆ ಏನೋ ಜಾರಿದ ಹಾಗಾಯಿತು, ನಾನು ಹಿಂದಕ್ಕೆ ಬಿದ್ದೆ, ನಾಯಿ ನನ್ನ ಮೇಲೆ ಬಿತ್ತು. ಕೆಸರು, ಎಣ್ಣೆ, ಮಳೆ. ನನ್ನ ಮುಖವೆಲ್ಲ ನೆಕ್ಕಿತು. ಬೇಡ ಕಣೋ, ನಾನು ಅಷ್ಟು ಒಳ್ಳೆಯವಳಲ್ಲ ಎಂದೆ.

ಮನೆಯಲ್ಲಿ ನಾನು ದೇವತೆಯಾದೆ. ಆ ಮಳೆಯಲ್ಲಿ ಅರವತ್ತು ವರ್ಷದ ಹೆಂಗಸು ಒಬ್ಬಳೇ ಹುಡುಕಿ ತಂದಳು ಎಂದು ಗೌತಮ್ ಕೈ ಮುಗಿದರು. ನಾನು ಬಿಸಿನೀರು ಹುಯ್ದುಕೊಂಡು ಕಂಬಳಿ ಹೊದ್ದು ಮಲಗಿದೆ. ಯಾರಿಗೂ ಏನೂ ಹೇಳಲಿಲ್ಲ.

ಭಾನುವಾರ ಸಂಜೆ ಮೊರೀನ್ ಬಂದಳು. ಭೋಗಣ್ಣನ ಮೈಮೇಲೆ ಕೈಯಾಡಿಸಿ, ಕೂದಲು ಬಿಡಿಸಿ ನೋಡಿ, ಇಷ್ಟು ಚೆನ್ನಾಗಿ ಬೆರಳಿನಲ್ಲಿ ಕೀಳುವವರು ಈ ಕಡೆ ಒಬ್ಬರೂ ಸಿಕ್ಕಿರಲಿಲ್ಲ ಎಂದಳು. ತಾಯಿಗೆ ಇನ್ನೂ ವಾಸಿಯಾಗಿಲ್ಲವಂತೆ. ಏಪ್ರಿಲಿನಲ್ಲಿ ಒಂದು ತಿಂಗಳು ಮತ್ತೆ ಹೋಗಬೇಕಂತೆ, ಆಗಲೂ ಈ ಅಮ್ಮನೇ ನೋಡಿಕೊಳ್ಳಬಹುದೇ ಎಂದು ಕೇಳಿದಳು. ಖಂಡಿತ, ಅವರು ಆಗಸ್ಟಿನವರೆಗೆ ಇಲ್ಲೇ ಇರುತ್ತಾರೆ ಎಂದರು ಗೌತಮ್. ಅವಳು ಹೊರಡುವಾಗ ಅವರ ಭುಜ ತಟ್ಟಿ, ನಿನ್ನ ಕೆಲಸದ ಬಗ್ಗೆ ಯೋಚನೆ ಮಾಡಬೇಡ ಎಂದಳು. ಭೋಗಣ್ಣ ಕಾರಿನ ಹಿಂದಿನ ಗಾಜಿನಿಂದ ನನ್ನನ್ನೇ ನೋಡುತ್ತಾ ಹೋಯಿತು. ಹೋಗುವಾಗಲೂ ಬೊಗಳಲಿಲ್ಲ.

ಗೌತಮ್ ಬಾಗಿಲು ಹಾಕಿ, ಹಗುರಾದ ಮುಖದಲ್ಲಿ ಅರ್ಜಿಯನ್ನೂ ಪೆನ್ನನ್ನೂ ತಂದು ನನ್ನ ಮುಂದಿಟ್ಟರು. ಸಹಿ ಮಾಡುವ ಕಡೆ ಪೆನ್ಸಿಲಿನಲ್ಲಿ ಗುರುತು ಹಾಕಿದ್ದರು. ಬಿಂದು ಮಗುವಿಗೆ ರಾಗಿ ಸರಿ ತಿನ್ನಿಸುತ್ತಿದ್ದಳು. ನಾನು ಪೆನ್ನು ಹಿಡಿದೆ. ನನ್ನ ಹೆಸರಿನ ಮೊದಲ ಅಕ್ಷರ, ತಾ ಎಂದು ಬರೆದೆ. ಕೈ ಮುಂದೆ ಹೋಗಲಿಲ್ಲ.

“ನಾಯಿ ಎಲ್ಲಿದೆ ಅಂತ ನಂಗೊತ್ತಿತ್ತು,” ಅಂದೆ. “ಮೊದಲಿಂದ್ಲೂ ಗೊತ್ತಿತ್ತು.”

ಇಬ್ಬರಿಗೂ ಅರ್ಥವಾಗಲಿಲ್ಲ. ಪೈಪಿನೊಳಗೆ ಹೋದದ್ದನ್ನು ಕಣ್ಣಾರೆ ನೋಡಿದೆ, ಒಂದೂವರೆ ಗಂಟೆ ಸುಮ್ಮನೆ ಕೂತಿದ್ದೆ, ಮಳೆ ಬಂದ ಮೇಲೂ ಕೂತಿದ್ದೆ ಎಂದು ಬಿಡಿಸಿ ಹೇಳಿದೆ. ಯಾಕೆ ಅತ್ತೆ ಎಂದರು ಗೌತಮ್. ಅವರ ದನಿಯಲ್ಲಿ ಸಿಟ್ಟು ಇರಲಿಲ್ಲ, ಸುಮ್ಮನೆ ದಿಗಿಲಾಗಿದ್ದರು.

“ಅದು ಸತ್ರೆ ನಿಮ್ಮ ಕೆಲಸ ಹೋಗುತ್ತೆ, ಕೆಲಸ ಹೋದ್ರೆ ಎಲ್ರೂ ಊರಿಗೆ ಹೋಗ್ಬಹುದು ಅಂತ. ಬಿಂದು ಓದು ಹಾಳಾಗುತ್ತೆ ಅಂತಾನೂ ಗೊತ್ತಿತ್ತು. ಗೊತ್ತಿದ್ದೂ ಕೂತಿದ್ದೆ.”

ಗೌತಮ್ ನನ್ನನ್ನೇ ನೋಡುತ್ತಾ ನಿಂತರು. ಆಮೇಲೆ ಹಿತ್ತಿಲ ಬಾಗಿಲು ತೆಗೆದುಕೊಂಡು ಹೊರಗೆ ಹೋದರು. ಅವರು ಬೈಯಬೇಕಿತ್ತು, ಬೈದಿದ್ದರೆ ನನಗೂ ಹಗುರವಾಗುತ್ತಿತ್ತು. ಬಿಂದುವಿನ ಕೈಯಲ್ಲಿ ಚಮಚ ಹಾಗೇ ನಿಂತಿತ್ತು. ಮಗು ಬಾಯಿ ತೆರೆದು ಕಾಯುತ್ತಿತ್ತು.

“ಅಷ್ಟೊಂದಾ ಅಮ್ಮ?” ಅಂದಳು.

ನಾನು ತಲೆಯಾಡಿಸಿದೆ. 

ಅವಳು ತುತ್ತನ್ನು ಮಗುವಿನ ಬಾಯಿಗಿಟ್ಟು, ಸೆರಗಿನಂತೆ ಹೆಗಲ ಮೇಲಿದ್ದ ಟವೆಲಿನಿಂದ ಅದರ ಗಲ್ಲ ಒರೆಸಿದಳು. ಮೇಜಿನ ಮೇಲಿದ್ದ ಅರ್ಜಿಯನ್ನು ತನ್ನ ಕಡೆ ಎಳೆದುಕೊಂಡಳು. ಅದರಲ್ಲಿ ನಾನು ಬರೆದಿದ್ದ ಒಂದೇ ಒಂದು ಅಕ್ಷರವನ್ನು ನೋಡಿದಳು. ಆಮೇಲೆ, ಆರು ತಿಂಗಳಲ್ಲಿ ಒಂದು ಸಲವೂ ಕೇಳದಿದ್ದುದನ್ನು ಕೇಳಿದಳು.

“ನಿನ್ ಹುಡುಗೀರ ಪರೀಕ್ಷೆ ಯಾವತ್ತಮ್ಮ?”

“ಮಾರ್ಚ್ ಇಪ್ಪತ್ತಾರು,” ಅಂದೆ. “ಸೋಮವಾರ. ಮೊದಲು ಕನ್ನಡ.”

ಬಿಂದು ಅರ್ಜಿಯನ್ನು ಮಗುಚಿ ಹಾಕಿ, ಅದರ ಬೆನ್ನ ಮೇಲೆ ಆ ತಾರೀಖನ್ನು ಬರೆದುಕೊಂಡಳು. ನನ್ನ ಟಿಕೆಟು ಇಟ್ಟಿದ್ದ ಗೌತಮರ ಫೈಲು ಎಲ್ಲಿದೆ ಎಂದು ಹುಡುಕಲು ಒಳಗೆ ಹೋದಳು.